ಅಂಕಿ ನುಂಗಿದ ದೊಡ್ಡಪ್ಪ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಣ್ಣದಣ್ಣ ಎರಡು ಕೈಯಲ್ಲೂ ಒಂದೊಂದು ಕಾಲುಚೀಲ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಇವೆರಡೂ ಒಂದೇನಾ?" ಎಂದು ಕೇಳುತ್ತಾರೆ. ಹೆಂಡತಿ ಒಲೆಯಿಂದ ಕಣ್ಣು ತೆಗೆದು ನೋಡಿ "ಒಂದೇ" ಅಂದರೆ ಹಾಕಿಕೊಳ್ಳುತ್ತಾರೆ. "ಅಲ್ಲ, ಒಂದು ಕಂದು, ಒಂದು ಹಸಿರು" ಅಂದರೆ ಒಳಗೆ ಹೋಗಿ ಬೇರೆಯದನ್ನು ತರುತ್ತಾರೆ. ಜ್ವರ ಬಂದ ದಿನವೂ, ಗಂಡ ಹೆಂಡತಿ ಮಾತು ಬಿಟ್ಟ ದಿನವೂ ಈ ಪ್ರಶ್ನೆ ತಪ್ಪಿದ್ದಿಲ್ಲ. ಮಾತು ಬಿಟ್ಟ ದಿನ ಆಕೆ ಬಾಯಿ ತೆರೆಯುವುದಿಲ್ಲ, ತಲೆಯನ್ನಷ್ಟೇ ಆಡಿಸುತ್ತಾರೆ. ಒಮ್ಮೆ ಜಗಳ ಜೋರಾಗಿದ್ದಾಗ ನೋಡದೆಯೇ ತಲೆಯಾಡಿಸಿ ಕಳಿಸಿಬಿಟ್ಟರಂತೆ. ಅಂದು ಅವರು ಒಂದು ಕಾಲು ಕಂದು, ಒಂದು ಕಾಲು ಹಸಿರು ಮಾಡಿಕೊಂಡು ಸಂಜೆಯವರೆಗೂ ಬಣ್ಣ ಮಾರಿದರು.

"ಯಾರೂ ಏನೂ ಅನ್ನಲಿಲ್ವಾ?" ಎಂದು ನಾನು ಕೇಳಿದೆ.

"ಬಣ್ಣದ ಅಂಗಡಿಯವರಲ್ವಾ, ಹೊಸಾ ಫ್ಯಾಷನ್ ಇರಬೇಕು ಅಂದ್ಕೊಂಡಿರ್ತಾರೆ," ಎಂದರು ಆಕೆ.

ಅವರು ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯವರು. ಹೆಂಡತಿ ಮನೆಯಲ್ಲೇ ಕಿಟಕಿ ಪರದೆ ಹೊಲಿದುಕೊಡುತ್ತಾರೆ. ಮಧ್ಯಾಹ್ನ ಹೊಲಿಗೆ ಯಂತ್ರದ ಸದ್ದು ನಿಂತಾಗ ನಾನು ಮೆಟ್ಟಿಲು ಹತ್ತಿ ಹೋಗಿ ಕೂರುವುದುಂಟು. ಈ ಕಥೆಯ ಬಹುಪಾಲು ನನಗೆ ಸಿಕ್ಕಿದ್ದು ಅಲ್ಲಿಯೇ. ಉಳಿದದ್ದನ್ನು ಬಣ್ಣದಣ್ಣನವರೇ ಒಂದಿಷ್ಟು ನಗುತ್ತ, ಒಂದಿಷ್ಟು ನಿಟ್ಟುಸಿರು ಬಿಡುತ್ತ ಹೇಳಿದರು.

ಕೆಂಪು, ಹಸಿರು ಅವರ ಕಣ್ಣಿಗೆ ಹುಟ್ಟಿನಿಂದಲೂ ಬೇರೆಬೇರೆಯಲ್ಲ. ಗಾಢವಾಗಿದ್ದರೆ ಅಣ್ಣತಮ್ಮಂದಿರ ಹಾಗೆ ಅಷ್ಟಿಷ್ಟು ವ್ಯತ್ಯಾಸ ಕಾಣುತ್ತದೆ, ತಿಳಿಯಾದರೆ ಅವಳಿಜವಳಿ. ಬಣ್ಣಗಳನ್ನು ಸೃಷ್ಟಿಸಿದವನು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಹಂಚಲಿಲ್ಲ. ಅವನಿಗೆ ಏನೋ ಕಾರಣವಿರಬೇಕು, ಕೇಳುವುದು ನಮ್ಮ ಕೆಲಸವಲ್ಲ. ಆದರೆ ಇಂಥ ಕಣ್ಣಿನವರು ಊರಿನ ದೊಡ್ಡ ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರದ ಮುಂದೆ ಅರ್ಧ ಆಯುಷ್ಯ ಕಳೆದರು ಎಂದರೆ ಯಾರಿಗಾದರೂ ನಗು ಬರುತ್ತದೆ. ನಗಬಹುದು. ಅಷ್ಟು ವರ್ಷ ಅವರು ಒಬ್ಬರಿಗೂ ತಪ್ಪು ಬಣ್ಣ ಕೊಟ್ಟಿರಲಿಲ್ಲ ಎಂಬುದನ್ನು ತಿಳಿದುಕೊಂಡು ನಗಬೇಕು, ಅಷ್ಟೆ.

ಅವರು ಅಂಗಡಿಗೆ ಸೇರಿದ್ದು ಡಬ್ಬ ಹೊರುವ ಕೆಲಸಕ್ಕೆ. ಆಗ ಬಣ್ಣ ಬೆರೆಸುತ್ತಿದ್ದವನಿಗೆ ಕಣ್ಣು ಬಲು ಚುರುಕು, ನಾಲಗೆ ಅದಕ್ಕಿಂತ ಚುರುಕು. ಯಾರಾದರೂ ಬಂದು ಹಳದಿ ಕೇಳಿದರೆ, "ಈ ಹಳದಿ ಹಚ್ಚಿದ್ರೆ ಮನೆಯವರಿಗೆಲ್ಲ ಕಾಮಾಲೆ ಬಂದ ಹಾಗೆ ಕಾಣುತ್ತೆ ನೋಡಿ" ಎನ್ನುತ್ತಿದ್ದ. ಗಿರಾಕಿಗಳು ಹಳದಿಯನ್ನೂ ಬಿಟ್ಟು, ಅಂಗಡಿಯನ್ನೂ ಬಿಟ್ಟು ಹೋಗುತ್ತಿದ್ದರು. ಹಿರಿಯ ಯಜಮಾನರು ಅವನನ್ನು ಕಳಿಸಿ, ಡಬ್ಬ ಹೊರುತ್ತಿದ್ದ ಈ ಯುವಕನನ್ನು ಕರೆದರು.

"ಬಣ್ಣ ಗೊತ್ತಾಗುತ್ತೇನಯ್ಯಾ?"

"ಪಟ್ಟಿ ಓದೋಕೆ ಬರುತ್ತೆ ಸಾರ್."

"ಗಿರಾಕಿ ಜೊತೆ ವಾದ ಮಾಡ್ತೀಯಾ?"

"ಇಲ್ಲ ಸಾರ್."

"ಸಾಕು. ಕೂತ್ಕೋ."

ಕೆಲಸ ನಿಜಕ್ಕೂ ಅಷ್ಟೇ ಆಗಿತ್ತು. ಪ್ರತಿ ಬಣ್ಣಕ್ಕೂ ಮೂರು ಅಂಕಿ. ಮೊದಲನೆಯದು ಬಣ್ಣ ಯಾವ ಕುಲದ್ದು ಎಂದು ಹೇಳುತ್ತದೆ, ಎರಡನೆಯದು ಎಷ್ಟು ಗಾಢ, ಮೂರನೆಯದು ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು. ಗಿರಾಕಿ ಶೇಡ್ ಕಾರ್ಡಿನಲ್ಲಿ ಬೆರಳಿಟ್ಟು ತೋರಿಸಿದ ಅಂಕಿಯನ್ನು ಒತ್ತಿದರೆ ಯಂತ್ರದ ಸಣ್ಣ ಕೊಳವೆಗಳು ಬಿಳಿ ಬಣ್ಣದ ಡಬ್ಬದೊಳಕ್ಕೆ ಹನಿಹನಿಯಾಗಿ ಬೇಕಾದ್ದನ್ನು ಬಿಡುತ್ತವೆ. ಆಮೇಲೆ ಡಬ್ಬ ಅಲುಗಾಡಿಸುವ ಯಂತ್ರ. ಆಮೇಲೆ ಮುಚ್ಚಳದ ಮೇಲೆ ಬೆರಳಷ್ಟು ಬಣ್ಣ ಸವರಿ "ನಿಮ್ಮ ಕಣ್ಣಿಗೆ ಸರಿ ಕಾಣ್ತಾ?" ಎಂಬ ಪ್ರಶ್ನೆ. ಯಾರಾದರೂ ಹಳೆಯ ಗೋಡೆಯ ಚಕ್ಕೆ ತಂದರೆ ಅದಕ್ಕೊಂದು ಪುಟ್ಟ ಸಾಧನ ಇತ್ತು. ಚಕ್ಕೆಯ ಮೇಲೆ ಇಟ್ಟು ಒತ್ತಿದರೆ ಮೂರು ಅಂಕಿ ಹೇಳುತ್ತಿತ್ತು.

ಅವರು ಅಂಕಿಗಳ ಮೂಲಕವೇ ಊರನ್ನು ತಿಳಿದುಕೊಂಡರು. ಯಾವ ಅಂಕಿಯವರು ವರ್ಷದೊಳಗೆ ಬೇಸತ್ತು ಬಂದರು, ಯಾವ ಅಂಕಿಯವರು ಅದನ್ನೇ ಮತ್ತೆ ಕೇಳಿಕೊಂಡು ಬಂದರು, ಎಲ್ಲ ಗಮನವಿಟ್ಟು ಕೇಳಿಸಿಕೊಂಡರು. "ಮಲಗೋ ಕೋಣೆಗೆ ಎರಡನೇ ಅಂಕಿ ಮೂರು ದಾಟಬಾರದು, ದಾಟಿದ್ರೆ ಬೆಳಿಗ್ಗೆ ಏಳೋ ಮನಸ್ಸೇ ಬರಲ್ಲ" ಎಂದು ಅವರು ಹೇಳಿದರೆ ಗಿರಾಕಿಗಳು ವೈದ್ಯರ ಮಾತಿನಂತೆ ತಲೆದೂಗುತ್ತಿದ್ದರು. ಯಾರ ಬಣ್ಣವನ್ನೂ ಚೆನ್ನಾಗಿಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹೇಳುವ ಅವಕಾಶವೇ ಅವರಿಗಿರಲಿಲ್ಲ. ಅದನ್ನು ಜನ ದೊಡ್ಡ ಗುಣ ಎಂದುಕೊಂಡು ಬಣ್ಣದಣ್ಣ ಎಂದು ಹೆಸರಿಟ್ಟರು.

ಈಗ ದೊಡ್ಡಪ್ಪನ ವಿಷಯಕ್ಕೆ ಬರಬೇಕು.

ಬಣ್ಣ ಬೆರೆಸುವ ಯಂತ್ರಕ್ಕೆ ಒಂದು ಸಾಫ್ಟ್‌ವೇರ್ ಬೇಕು. ಜಗತ್ತಿನಲ್ಲಿ ಬ್ಯಾಂಕುಗಳಿಗೆ, ವಿಮಾನಗಳಿಗೆ, ಆಟಗಳಿಗೆ ಸಾಫ್ಟ್‌ವೇರ್ ಮಾಡುವವರು ಸಾಲುಗಟ್ಟಿ ನಿಂತಿದ್ದಾರೆ. ಬಣ್ಣದ ಅಂಗಡಿಗೆ ಮಾಡಲು ಯಾರಿಗೆ ಪುರುಸೊತ್ತು? ಹಾಗಾಗಿ ಅದು ಕೈಬೆರಳಲ್ಲಿ ಎಣಿಸುವಷ್ಟು ಜನರ ಪುಟ್ಟ ಸಂತೆಯಾಗಿತ್ತು. ಬಣ್ಣದಣ್ಣನವರ ಅಂಗಡಿಯಲ್ಲಿದ್ದ ಸಾಫ್ಟ್‌ವೇರನ್ನು ಮಾಡಿದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದ ಗಂಡ ಹೆಂಡತಿ. ಏನಾದರೂ ಕೆಟ್ಟರೆ ಫೋನ್ ಮಾಡಿದರಾಯಿತು, ಹೆಂಡತಿ ಎತ್ತಿಕೊಳ್ಳುತ್ತಿದ್ದಳು. ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು. "ಒಂದು ನಿಮಿಷ ಅಣ್ಣಾ, ಮಗೂನ ಕೆಳಗಿಟ್ಟು ನೋಡ್ತೀನಿ" ಎನ್ನುತ್ತಿದ್ದಳು. ಮಗು ಮಲಗುವಷ್ಟರಲ್ಲಿ ಯಂತ್ರ ಸರಿಹೋಗುತ್ತಿತ್ತು.

ಬೇರೆ ಅಂಗಡಿಗಳಲ್ಲಿ ಬೇರೆ ಬೇರೆಯವಿದ್ದವು. ಅವುಗಳಲ್ಲಿ ಒಂದು ಕೊಂಚ ದೊಡ್ಡದು. ಅದರ ಕಂಪನಿ ಉಳಿದವುಗಳನ್ನು ಒಂದೊಂದಾಗಿ ಕೊಂಡುಕೊಂಡಿತು. ಪ್ರತಿಸಲ ಕೊಂಡಾಗಲೂ ಎಲ್ಲ ಅಂಗಡಿಗಳಿಗೂ ಅಭಿನಂದನೆ ಬರುತ್ತಿತ್ತು: "ನಿಮ್ಮ ಆಯ್ಕೆ ಇಂದಿನಿಂದ ಇನ್ನಷ್ಟು ಸರಳ." ಐದಿದ್ದದ್ದು ನಾಲ್ಕಾದಾಗ ಸರಳ, ಮೂರಾದಾಗ ಇನ್ನೂ ಸರಳ. ಒಂದೇ ಉಳಿದಾಗ ಎಷ್ಟು ಸರಳವಾಯಿತೆಂದರೆ ಆರಿಸುವ ತೊಂದರೆಯೇ ತಪ್ಪಿತು.

ಸೈಕಲ್ ಅಂಗಡಿಯ ಮೇಲಿನವರು ಕೊನೆಗೆ ಸೋತದ್ದು ಹೀಗೆ. ಕಂಪನಿಯವರು ಯಂತ್ರ ಮಾಡುವವರ ಜೊತೆ ಒಪ್ಪಂದ ಮಾಡಿಕೊಂಡರು. ಅಲ್ಲಿಂದ ಮುಂದೆ ಯಂತ್ರದ ಕೊಳವೆಗಳು ಕಂಪನಿಯ ಸಾಫ್ಟ್‌ವೇರಿನ ಮಾತನ್ನು ಮಾತ್ರ ಕೇಳುವಂತಾದವು. ಕೊನೆಯ ಸಲ ಫೋನ್ ಮಾಡಿದಾಗ ಆ ಹೆಂಡತಿ ಹೇಳಿದಳಂತೆ: "ಅಣ್ಣಾ, ಯಂತ್ರದ ಕಿವಿಗೇ ಬೀಗ ಹಾಕಿಬಿಟ್ರು. ಇನ್ನು ನಾವು ಯಾರ ಹತ್ರ ಮಾತಾಡೋದು? ಮಾರಿಬಿಟ್ವಿ."

ಬಣ್ಣದ ವ್ಯಾಪಾರಿಗಳ ಸಂಘ ಸಭೆ ಸೇರಿ, ಬೇರೆ ದಾರಿಯೇ ಇಲ್ಲವಾದ್ದರಿಂದ ಇದೇ ಅತ್ಯುತ್ತಮ ದಾರಿ ಎಂದು ಸರ್ವಾನುಮತದಿಂದ ಒಪ್ಪಿಕೊಂಡಿತು. ಅಂದಿನಿಂದ ಊರಿನ ಅಂಗಡಿಗಳಲ್ಲಿ ಆ ಕಂಪನಿಗೆ ದೊಡ್ಡಪ್ಪ ಎಂಬ ಹೆಸರು ಬಿತ್ತು. ತುಂಬಿದ ಮನೆಯಲ್ಲಿ ಎಲ್ಲರ ಪರವಾಗಿ ತಾನೇ ತೀರ್ಮಾನಿಸಿ, ಎಲ್ಲರ ಒಳ್ಳೆಯದಕ್ಕೇ ಎಂದು ಹೇಳಿ, ಯಾರನ್ನೂ ಕೇಳದ ದೊಡ್ಡಪ್ಪ ಒಬ್ಬರಿರುತ್ತಾರಲ್ಲ, ಹಾಗೆ. "ಈ ಬಣ್ಣ ಆಗುತ್ತಾ?" ಎಂದು ಗಿರಾಕಿ ಕೇಳಿದರೆ, "ದೊಡ್ಡಪ್ಪ ಒಪ್ಪಬೇಕಲ್ಲ" ಎನ್ನುವುದು ಅಂಗಡಿಯ ಮಾತಾಯಿತು. ಮಾರಿಹೋದ ಹಳೆಯದನ್ನು ಎಲ್ಲರೂ ಪ್ರೀತಿಯಿಂದ ಚಿಕ್ಕಪ್ಪ ಎಂದು ಕರೆದರು. ಅದು ಬದುಕಿದ್ದಾಗ ಅದಕ್ಕೊಂದು ಹೆಸರಿಡಬೇಕೆಂದು ಯಾರಿಗೂ ತೋಚಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಪ್ಪನಿಗೆ ಎಲ್ಲೋ ದೂರದಲ್ಲಿ ಹುಷಾರು ತಪ್ಪಿತು. ಊರಿನ ಅಷ್ಟೂ ಅಂಗಡಿಗಳ ಯಂತ್ರಗಳು ಒಟ್ಟಿಗೇ ಬಾಯಿ ಮುಚ್ಚಿದವು. ಬೆರೆಸದ ಬಿಳಿ ಡಬ್ಬ ಬಿಟ್ಟು ಏನೂ ಮಾರುವಂತಿರಲಿಲ್ಲ. ಗೃಹಪ್ರವೇಶದ ಗಡಿಬಿಡಿಯಲ್ಲಿದ್ದವರೆಲ್ಲ ಬೇರೆ ಗತಿಯಿಲ್ಲದೆ ಬಿಳಿ ಹಚ್ಚಿದರು. ಯಂತ್ರಗಳು ಎಚ್ಚೆತ್ತ ಮೇಲೆ ದೊಡ್ಡಪ್ಪನಿಂದ ಪ್ರಕಟಣೆ ಬಂತು: ಬಿಳಿಗೆ ಬೇಡಿಕೆ ಏಕಾಏಕಿ ಏರಿರುವುದನ್ನು ನಾವು ಗಮನಿಸಿದ್ದೇವೆ, ಆದ್ದರಿಂದ ಬಿಳಿಯೇ ಈ ಋತುವಿನ ಬಣ್ಣ.

ಇಷ್ಟಾದರೂ ಬಣ್ಣದಣ್ಣನಿಗೆ ತಕರಾರಿರಲಿಲ್ಲ. ಯಂತ್ರದ ಪರದೆಯ ಮೇಲೆ ಅಂಕಿಗಳಿದ್ದವಲ್ಲ. ದೊಡ್ಡಪ್ಪನಾದರೇನು, ಚಿಕ್ಕಪ್ಪನಾದರೇನು, ಅಂಕಿ ಅಂಕಿಯೇ.

ಆಮೇಲೆ ಅಂಕಿಗಳೂ ಹೋದವು.

ಹೊಸ ಆವೃತ್ತಿ ಬಂದ ದಿನ ಅವರು ಎಂದಿನಂತೆ ಬಂದು, ಸ್ಟೂಲಿನ ಮೇಲೆ ಕೂತು, ಪರದೆ ಹಚ್ಚಿದರು. ಅಂಕಿಗಳಿದ್ದ ಜಾಗದಲ್ಲಿ ದುಂಡಗಿನ ಬಣ್ಣದ ಚುಕ್ಕೆಗಳು ತೇಲಾಡುತ್ತಿದ್ದವು. ಒಂದನ್ನು ಮುಟ್ಟಿದರೆ ಹೆಸರು ಕಾಣುತ್ತಿತ್ತು: "ಅಜ್ಜಿಯ ಮಡಿಲು". ಇನ್ನೊಂದನ್ನು ಮುಟ್ಟಿದರೆ "ರಜೆಯ ಬೆಳಗು". ಮತ್ತೊಂದು, "ಕ್ಷಮಿಸಿದ ಮನಸ್ಸು". ಹೆಸರುಗಳನ್ನಾದರೂ ಬಾಯಿಪಾಠ ಮಾಡೋಣವೆಂದರೆ ಅವು ಋತುವಿಗೊಮ್ಮೆ ಬದಲಾಗುತ್ತಿದ್ದವು. ಕ್ಷಮಿಸಿದ ಮನಸ್ಸು ಮುಂದಿನ ಋತುವಿಗೆ "ಸಂಜೆಯ ಚಹಾ" ಆಗುತ್ತಿತ್ತು. ಗೋಡೆಯ ಚಕ್ಕೆಯನ್ನು ಸಾಧನದ ಕೆಳಗಿಟ್ಟರೆ ಅದೂ ಅಂಕಿ ಹೇಳುವುದನ್ನು ಬಿಟ್ಟು ಅಕ್ಕಪಕ್ಕದಲ್ಲಿ ಒಂದಿಷ್ಟು ಚುಕ್ಕೆ ತೋರಿಸಿ ಕೇಳುತ್ತಿತ್ತು: "ಇವುಗಳಲ್ಲಿ ಯಾವುದು ನಿಮ್ಮ ಮನಸ್ಸಿಗೆ ಹತ್ತಿರ?"

ಅಂಕಿಗಳು ಗಿರಾಕಿಗಳಲ್ಲಿ ಭಯ ಹುಟ್ಟಿಸುತ್ತವೆ, ಅದಕ್ಕೆ ತೆಗೆದಿದ್ದೇವೆ ಎಂದು ದೊಡ್ಡಪ್ಪ ತಿಳಿಸಿದ್ದ. ಅಂಗಡಿಯ ಈಗಿನ ಯಜಮಾನಿ, ಹಿರಿಯ ಯಜಮಾನರ ಮಗಳು, ಅದನ್ನು ಓದಿ ಮೂಗು ಮುರಿದರು. "ಭಯ ಗಿರಾಕಿಗಲ್ಲ, ಇವರಿಗೆ. ಅಂಕಿ ಕೈಲಿದ್ರೆ ನಾವು ಅದನ್ನ ಬೇರೆಯವರ ಯಂತ್ರಕ್ಕೆ ಹಾಕಿ ಅದೇ ಬಣ್ಣ ತೆಗೀಬಹುದಲ್ಲ. ಈಗ ಎಲ್ಲಿಗೆ ಹೋಗೋದು?"

"ಹೋಗೋಕೆ ಬೇರೆಯವರು ಇದ್ದಾರಾ ಅಮ್ಮಾ?" ಎಂದರು ಬಣ್ಣದಣ್ಣ.

"ಇಲ್ಲ. ಮುಂದೆ ಯಾರಾದ್ರೂ ಹುಟ್ಟಿಬಿಟ್ರೆ ಅಂತ ಈಗಲೇ ಬಾಗಿಲು ಹಾಕಿದ್ದಾರೆ."

ಬಣ್ಣದಣ್ಣ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ಉಪಾಯ ಹೊಳೆಯಿತು. ಗಿರಾಕಿ ಬಂದ ಕೂಡಲೇ ಪರದೆಯನ್ನು ಅವರ ಕಡೆಗೆ ತಿರುಗಿಸಿ, "ಮನಸ್ಸು ನಿಮ್ಮದು, ನೀವೇ ಮುಟ್ಟಿ" ಎಂದುಬಿಟ್ಟರು. ಜನಕ್ಕೆ ಬಲು ಖುಷಿಯಾಯಿತು. ಗಂಡ ಒಂದು ಮುಟ್ಟುವುದು, ಹೆಂಡತಿ ಇನ್ನೊಂದು ಮುಟ್ಟುವುದು, ಇಬ್ಬರೂ ಅಂಗಡಿಯಲ್ಲೇ ಜಗಳ ಮುಗಿಸಿ ಹೋಗುವುದು. ಗಿರಾಕಿಗಳನ್ನು ಇಷ್ಟು ಚೆನ್ನಾಗಿ ತೊಡಗಿಸಿಕೊಂಡವರು ಬೇರೆ ಯಾವ ಅಂಗಡಿಯಲ್ಲೂ ಇಲ್ಲವೆಂದು ದೊಡ್ಡಪ್ಪನ ಕಡೆಯಿಂದ ಒಂದು ಬಿಲ್ಲೆ ಬಂತು. ಅದರ ಮೇಲೆ "ಬಣ್ಣದ ಕಣ್ಣು" ಎಂದು ಬರೆದಿತ್ತು. ಯಜಮಾನಿ ಅದನ್ನು ಅವರ ಅಂಗಿಗೆ ಚುಚ್ಚಿದರು. ಮನೆಯಲ್ಲಿ ಅದನ್ನು ನೋಡಿದ ಹೆಂಡತಿ ಹೊಲಿಯುತ್ತಿದ್ದ ಪರದೆಯಲ್ಲಿ ಮುಖ ಮುಚ್ಚಿಕೊಂಡು ಎಷ್ಟೋ ಹೊತ್ತು ನಕ್ಕರಂತೆ.

ಹೆರಿಗೆ ಆಸ್ಪತ್ರೆಯವರು ಒಂದು ವಾರ್ಡಿನ ಉಳಿದರ್ಧ ಗೋಡೆಗೆ ಬಣ್ಣ ಬೇಕೆಂದು ಹೇಳಿಕಳಿಸಿದ್ದು ಆಗ. ಮೊದಲರ್ಧಕ್ಕೆ ಹಚ್ಚಿದ್ದ ತಿಳಿಹಸಿರಿನ ಒಂದು ಚಕ್ಕೆಯನ್ನು ಪೇಂಟರ್ ತಂದುಕೊಟ್ಟು, ಸಂಜೆ ಡಬ್ಬ ಒಯ್ಯುತ್ತೇನೆಂದು ಹೋಗಿಬಿಟ್ಟ. ಪರದೆ ತಿರುಗಿಸಲು ಎದುರಿಗೆ ಯಾರೂ ಇರಲಿಲ್ಲ. ಯಜಮಾನಿ ಬ್ಯಾಂಕಿಗೆ ಹೋಗಿದ್ದರು. ಚುಕ್ಕೆಗಳು ತೇಲಾಡುತ್ತ ಯಾವುದು ಮನಸ್ಸಿಗೆ ಹತ್ತಿರ ಎಂದು ಕೇಳುತ್ತಿದ್ದವು. ಬಣ್ಣದಣ್ಣನಿಗೆ ಎಲ್ಲವೂ ಅಷ್ಟೇ ಹತ್ತಿರ. ಕಣ್ಣು ಮುಚ್ಚಿ, ದೇವರೇ ನೀನೇ ತೋರಿಸು ಎಂದು ಒಂದನ್ನು ಮುಟ್ಟಿದರು. ದೇವರು ಇಂಥ ವಿಷಯಕ್ಕೆ ಕೈಹಾಕುವುದಿಲ್ಲವೆಂದು ಅವರಿಗೆ ಮರುದಿನ ತಿಳಿಯಿತು.

ಮರುದಿನ ಆಸ್ಪತ್ರೆಯ ಮೇಟ್ರನ್ ಸ್ವತಃ ಬಂದರು, ಪೇಂಟರನ್ನೂ ಎಳೆದುಕೊಂಡು. ವಾರ್ಡಿನ ಅರ್ಧ ಗೋಡೆ ತಿಳಿಹಸಿರು, ಅರ್ಧ ಗೋಡೆ ಗುಲಾಬಿ.

"ಹಚ್ಚೋವಾಗ ನಿಂಗೆ ಕಣ್ಣು ಕಾಣಲಿಲ್ವೇನಯ್ಯಾ?" ಎಂದು ಅವರು ಅಂಗಡಿಯಲ್ಲೂ ಪೇಂಟರನ್ನು ಬಿಡಲಿಲ್ಲ.

"ಕಂಡಿತು ಮೇಡಂ. ಡಬ್ಬದ ಮೇಲೆ ದೊಡ್ಡಪ್ಪನ ಚೀಟಿ ಅಂಟಿಸಿತ್ತು, 'ಹೊಂದಾಣಿಕೆ ಪರಿಪೂರ್ಣ' ಅಂತ. ಒಣಗಿದ ಮೇಲೆ ಹಸಿರಾಗುತ್ತೇನೋ ಅಂದ್ಕೊಂಡೆ."

ಯಜಮಾನಿ ದೊಡ್ಡಪ್ಪನ ಸಹಾಯವಾಣಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟರು.

"ನಮಸ್ಕಾರ, ನಿಮ್ಮ ಬಣ್ಣದ ಅನುಭವ ಹೇಗಿತ್ತು?" ಎಂದಿತು ಒಂದು ಇಂಪಾದ ದನಿ.

"ಅರ್ಧ ಗೋಡೆ ಹಸಿರು, ಅರ್ಧ ಗೋಡೆ ಗುಲಾಬಿ ಆಗಿದೆ."

"ತಿಳಿಸಿದ್ದಕ್ಕೆ ಸಂತೋಷ ಮೇಡಂ. ಹಸಿರು ಅರ್ಧ ಯಾವಾಗಿನದು?"

"ಹೋದ ವರ್ಷದ್ದು."

"ಅದೇ ನೋಡಿ. ಅದು ಹಳೇ ಪಟ್ಟಿಯ ಹಸಿರು. ಹಳೇ ಪಟ್ಟಿಗೆ ನಾವೀಗ ಬೆಂಬಲ ಕೊಡ್ತಾ ಇಲ್ಲ. ಗೋಡೆಯನ್ನ ಹೊಸ ಪಟ್ಟಿಗೆ ತಂದುಕೊಳ್ಳಿ."

ಮೇಟ್ರನ್ ಫೋನಿನ ಹತ್ತಿರ ಬಾಗಿದರು. "ಗೋಡೆನ ತರೋದಾ? ಹೊತ್ಕೊಂಡು ಬರಬೇಕೇನಪ್ಪಾ?"

"ಪೂರ್ತಿ ಗುಲಾಬಿ ಹಚ್ಚಿಸಿಬಿಡಿ ಮೇಡಂ, ಆಗ ಎರಡೂ ಅರ್ಧ ಹೊಂದಿಕೊಳ್ಳುತ್ತೆ. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

"ಬೇಡ," ಎಂದರು ಮೇಟ್ರನ್. "ನೀವು ಮಾಡಿರೋದೇ ಸಾಕಷ್ಟಿದೆ."

ವ್ಯಾಪಾರದಲ್ಲಿ ಪೈಪೋಟಿ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲಿಕ್ಕೇ ಸರ್ಕಾರದ ಒಂದು ಕಚೇರಿ ಇದೆಯಂತೆ. ನಾನು ಕೇಳಿದ್ದು ಇದೇ ಮೊದಲು. ಹೋಗಲು ಬೇರೆ ಕಂಪನಿಯೇ ಇಲ್ಲವೆಂದು ಯಜಮಾನಿಯಿಂದ ಕೇಳಿ, ಮೇಟ್ರನ್ ಅಂದೇ ಅಲ್ಲಿಗೆ ಬರೆದರು. ಹೊಸದಾಗಿ ಹುಟ್ಟಿದ ಮಕ್ಕಳನ್ನು ದಿನವೂ ಹಿಡಿದು ಅಭ್ಯಾಸವಾದವರು, ಹಿಡಿದದ್ದನ್ನು ಬಿಡುವವರಲ್ಲ.

ಇತ್ತ ಅಂಗಡಿಯಲ್ಲಿ ಎಲ್ಲರೂ ದೊಡ್ಡಪ್ಪನನ್ನು ಬೈಯುತ್ತಿದ್ದರು. ಬಣ್ಣದಣ್ಣ ಸುಮ್ಮನಿದ್ದಿದ್ದರೆ ತಪ್ಪು ಪೂರ್ತಿಯಾಗಿ ಅವನ ತಲೆಗೇ ಹೋಗುತ್ತಿತ್ತು. ಅವನಿಗೇನು, ತಲೆ ದೊಡ್ಡದು. ಆದರೆ ಅಂಗಡಿ ಮುಚ್ಚುವ ಹೊತ್ತಿಗೆ ಅವರು ಯಜಮಾನಿಯ ಮೇಜಿನ ಮುಂದೆ ಹೋಗಿ ನಿಂತರು. ಅಂಗಿಯ ಬಿಲ್ಲೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

"ಅಮ್ಮಾ, ಇದರಲ್ಲಿ ದೊಡ್ಡಪ್ಪನ ತಪ್ಪು ಅರ್ಧ. ಇನ್ನರ್ಧ ನಂದು. ನಂಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣಲ್ಲ."

"ಯಾವಾಗಿಂದ?"

"ಹುಟ್ಟಿದಾಗಿಂದ."

ಯಜಮಾನಿ ಅವರನ್ನೇ ನೋಡಿದರು. "ನಮ್ಮನೆ ಬಾಗಿಲಿಗೆ ನೀವೇ ಅಲ್ವಾ ಬಣ್ಣ ಆರಿಸಿಕೊಟ್ಟಿದ್ದು?"

"ಹದಿನೇಳು, ನಾಲ್ಕು, ಎರಡು. ಆ ಅಂಕಿ ತಗೊಂಡೋರು ಯಾರೂ ದೂರು ಹೇಳಿಕೊಂಡು ಬಂದಿಲ್ಲಮ್ಮಾ. ಯಾವ ಬಣ್ಣ ಅದು?"

"ಹಸಿರು."

"ಹೌದಾ? ಚೆನ್ನಾಗೇ ಇರಬೇಕು."

ಯಜಮಾನಿಗೆ ನಗು ಬಂತು. ಮತ್ತೆ ನಗು ಹೋಯಿತು. "ಅಪ್ಪನಿಗೆ ಗೊತ್ತಿತ್ತಾ?"

"ಕೇಳಲಿಲ್ಲಮ್ಮಾ. ವಾದ ಮಾಡ್ತೀಯಾ ಅಂತ ಮಾತ್ರ ಕೇಳಿದ್ರು."

ಆಕೆ ಕೆಟ್ಟವರಲ್ಲ. ಆದರೆ ಅಂಗಡಿ ನಡೆಸುವವರು. "ಅಂಕಿ ಇದ್ದಿದ್ರೆ ನೀವು ಇನ್ನೂ ಎಷ್ಟು ವರ್ಷ ಬೇಕಾದ್ರೂ ಕೂತಿರಬಹುದಿತ್ತು ಬಣ್ಣದಣ್ಣ. ಈಗ ಹೇಗೆ ಕೂರಿಸಲಿ, ನೀವೇ ಹೇಳಿ," ಎಂದರು. "ಸದ್ಯಕ್ಕೆ ನಾನೇ ಕೂತ್ಕೋತೀನಿ. ನೀವು ಗೋಡೌನ್ ನೋಡ್ಕೊಳ್ಳಿ."

ಗೋಡೌನ್ ಅಂಗಡಿಯ ಹಿಂದುಗಡೆ. ಅಲ್ಲಿ ಪ್ರೈಮರ್, ಥಿನ್ನರ್, ಬ್ರಷ್ಷುಗಳ ಪೆಟ್ಟಿಗೆ, ಬಿಳಿ ಡಬ್ಬಗಳ ಗೋಪುರ. ಯುವಕನಾಗಿದ್ದಾಗ ಹೊತ್ತ ಡಬ್ಬಗಳನ್ನೇ ಅವರು ನರೆಗೂದಲಲ್ಲಿ ಮತ್ತೆ ಹೊರತೊಡಗಿದರು. ಸೊಂಟ ಹಿಡಿದುಕೊಂಡಿತು. ಸೊಂಟಕ್ಕಿಂತ ಹೆಚ್ಚಾಗಿ ಅವರನ್ನು ಹಿಂಡಿದ್ದು, ಗೋಡೆಯಾಚೆಯಿಂದ ಯಾರಾದರೂ "ಬಣ್ಣದಣ್ಣ ಇಲ್ವಾ? ಹಾಗಿದ್ರೆ ನಾಳೆ ಬರ್ತೀವಿ" ಎನ್ನುವುದು ಕೇಳಿಸುವುದು. ನಾಳೆಯೂ ತಾನು ಇಲ್ಲೇ ಇರುತ್ತೇನೆಂದು ಹೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಹೇಗಾದರೂ ಆ ಸ್ಟೂಲಿಗೆ ಮರಳಬೇಕು. ಮನಸ್ಸಿನಲ್ಲಿ ಬೇರೆ ಆಸೆಯೇ ಇರಲಿಲ್ಲ.

ಸುದ್ದಿ ಮಾತ್ರ ಗೋಡೌನಿನಲ್ಲಿ ಉಳಿಯಲಿಲ್ಲ. ಒಂದು ಸಂಜೆ ಎದುರು ಸಾಲಿನ ಅಂಗಡಿಯಲ್ಲಿ ಬಣ್ಣ ಬೆರೆಸುವವನು ಹಿಂದಿನ ಬಾಗಿಲಿನಿಂದ ಒಳಗೆ ಬಂದ. ಇವರಿಗಿಂತ ಸ್ವಲ್ಪ ಚಿಕ್ಕವನು, ಉಬ್ಬು ಹೊಟ್ಟೆಯವನು, ವರ್ಷಗಟ್ಟಲೆ ಇವರ ಗಿರಾಕಿಗಳನ್ನು ಸೆಳೆಯಲು ಹೆಣಗಿದವನು. ಅವನೂ ಅಂಗಿಗೆ "ಬಣ್ಣದ ಕಣ್ಣು" ಬಿಲ್ಲೆ ಚುಚ್ಚಿಕೊಂಡಿದ್ದ. ಬಂದವನು ಕೂರಲಿಲ್ಲ, ಥಿನ್ನರ್ ಡಬ್ಬದ ಮೇಲಿನ ಬರಹ ಓದುತ್ತ ನಿಂತ.

"ಏನಪ್ಪಾ, ನನ್ನ ಕುರ್ಚಿ ಖಾಲಿಯಾಯ್ತಲ್ಲ ಅಂತ ನೋಡೋಕೆ ಬಂದ್ಯಾ?" ಎಂದರು ಬಣ್ಣದಣ್ಣ.

"ಅಣ್ಣಾ, ನೀವು ಪರದೆ ತಿರುಗಿಸ್ತಿದ್ರಂತಲ್ಲ?"

"ಹೂಂ."

"ನಾನು ಕನ್ನಡಕ ಮರೆತು ಬಂದೆ ಅಂತಿದ್ದೆ."

ಬಣ್ಣದಣ್ಣ ಹೊತ್ತಿದ್ದ ಡಬ್ಬ ಕೆಳಗಿಟ್ಟರು.

"ನಿಂಗೂ?"

"ನಂಗೂ. ಬಸ್ ನಿಲ್ದಾಣದ ಹತ್ರದ ಅಂಗಡಿಯೋನಿಗೂ. ನಾವು ಮಾತಾಡ್ಕೊಂಡಿದ್ದಲ್ಲ, ಒಂದು ದಿನ ಇಬ್ರೂ ಒಂದೇ ಶೇಡ್ ಕಾರ್ಡ್ ಹಿಡ್ಕೊಂಡು ಪೆದ್ದುಪೆದ್ದಾಗಿ ನಿಂತಿದ್ವಿ, ಗೊತ್ತಾಗೋಯ್ತು. ಮಾರ್ಕೆಟ್ ಕಡೆಯೋನ ಮೇಲೂ ಅನುಮಾನ ಇದೆ."

ಇದನ್ನು ನನಗೆ ಹೇಳುವಾಗ ಬಣ್ಣದಣ್ಣ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಕಾರಣವನ್ನೂ ಅವರೇ ಊಹಿಸಿದರು. ಕಣ್ಣು ಚುರುಕಿರುವವರು ಗಿರಾಕಿಯ ಜೊತೆ ವಾದ ಮಾಡುತ್ತಾರೆ. ವಾದ ಮಾಡುವವರನ್ನು ಯಜಮಾನರು ಕಳಿಸುತ್ತಾರೆ. ಕೊನೆಗೆ ಯಂತ್ರದ ಮುಂದೆ ಉಳಿಯುವುದು ಅಂಕಿಯನ್ನು ನಂಬಿದವರು. ಹೀಗೆ ಇಡೀ ಊರಿನ ಗೋಡೆಗಳಿಗೆ ಬಣ್ಣ ಕೊಟ್ಟವರು ಬಣ್ಣ ಕಾಣದವರೇ, ಮತ್ತು ಗೋಡೆಗಳು ಚೆನ್ನಾಗಿಯೇ ಇದ್ದವು.

"ಸರ್ಕಾರಿ ಕಚೇರಿಯೋರು ಬರ್ತಾರಂತೆ ಅಣ್ಣಾ," ಎಂದ ಎದುರಂಗಡಿಯವನು. "ಎಲ್ಲಾ ಅಂಗಡೀಲೂ ವಿಚಾರಿಸ್ತಾರಂತೆ. ನೀವಾದ್ರೂ ಒಂದು ಮಾತು ಹೇಳಿ. ನಂಗೆ ಇನ್ನೂ ಕೆಲಸ ಇದೆ, ಅದಕ್ಕೆ ಬಾಯಿಲ್ಲ."

"ನಂಗೆ ಕೆಲಸ ಹೋಗಿರೋದಕ್ಕೆ ಬಾಯಿ ಬಂತಾ?"

"ಹಾಗಲ್ಲಣ್ಣಾ..." ಎಂದು ಅವನು ತಲೆ ತಗ್ಗಿಸಿದ. ಹಾಗೆಯೇ ಆಗಿತ್ತು.

ಸರ್ಕಾರಿ ಕಚೇರಿಯವರಿಗಿಂತ ಮುಂಚೆ ದೊಡ್ಡಪ್ಪನ ಕಡೆಯವರೇ ಸಂಪರ್ಕಿಸಿದರು. ಬಣ್ಣದಣ್ಣನನ್ನು ಕಾಣಲು ಕಂಪನಿಯ ಪ್ರತಿನಿಧಿ ಬರುತ್ತಾನೆ, ಒಳ್ಳೆಯ ಸುದ್ದಿ ತರುತ್ತಾನೆ ಎಂದು ಯಜಮಾನಿಗೆ ಫೋನ್ ಬಂತು. ಅಂದು ರಾತ್ರಿ ಊಟ ಬಡಿಸುತ್ತ ಹೆಂಡತಿ ಹೇಳಿದರು:

"ಏನು ಕೊಟ್ರೂ ತಗೊಳ್ಳಿ. ನಿಮ್ಮ ಸೊಂಟಕ್ಕೆ ಎಣ್ಣೆ ಹಚ್ಚಿ ಹಚ್ಚಿ ನನ್ನ ಕೈ ಹೊಲಿಯೋ ಪರದೆ ಮೇಲೆಲ್ಲ ಜಿಡ್ಡು ಬಿಡ್ತಿದೆ."

"ಅವರು ಸುಮ್ಮನೆ ಕೊಡ್ತಾರಾ?"

"ಸುಮ್ಮನೆ ಕೊಡೋನು ಮೇಲಿರೋನೊಬ್ಬನೇ. ಉಳಿದೋರು ಕೊಟ್ರೆ ಬೆಲೆ ಕೇಳಿಕೊಂಡು ತಗೊಳ್ಳಿ."

ಪ್ರತಿನಿಧಿ ಒಳ್ಳೆಯ ಇಸ್ತ್ರಿಯ ಅಂಗಿ ತೊಟ್ಟ, ತಾಳ್ಮೆಯ ಮಾತಿನ ಮನುಷ್ಯ. ಗೋಡೌನಿಗೇ ಬಂದು ಬಿಳಿ ಡಬ್ಬದ ಮೇಲೆ ಕರವಸ್ತ್ರ ಹಾಸಿ ಕೂತ. ಯಜಮಾನಿ ಬಾಗಿಲಿಗೆ ಒರಗಿ ನಿಂತರು.

"ಸಾರ್, ನಿಮ್ಮ ವಿಷಯ ಕೇಳಿ ನಮ್ಮ ಕಂಪನೀಲಿ ಎಲ್ಲರಿಗೂ ಮನಸ್ಸು ಕರಗಿಹೋಯ್ತು," ಎಂದ. "ನಿಮಗೋಸ್ಕರ ಒಂದು ವ್ಯವಸ್ಥೆ ಮಾಡಿದ್ದೀವಿ. ನೀವು ಕೂತಾಗ ಮಾತ್ರ ಪರದೆ ಮೇಲೆ ಅಂಕಿಗಳು ಬರುತ್ತೆ. ಹಳೇ ಹಾಗೇ, ಮೂರು ಅಂಕಿ."

ಬಣ್ಣದಣ್ಣನ ಕೈ ತಾನಾಗಿಯೇ ಪ್ಯಾಂಟಿಗೆ ಒರೆಸಿಕೊಂಡಿತು, ಈಗಲೇ ಯಂತ್ರ ಮುಟ್ಟಲು ಹೊರಟಂತೆ. "ಹಾಗಾದ್ರೆ ಅಂಕಿಗಳು ಒಳಗೆ ಇನ್ನೂ ಇವೆ ಅನ್ನಿ."

"ಇರಲೇಬೇಕಲ್ಲ ಸಾರ್, ಇಲ್ಲದೆ ಯಂತ್ರ ಹೇಗೆ ಬೆರೆಸುತ್ತೆ? ತೋರಿಸೋದಿಲ್ಲ ಅಷ್ಟೆ."

"ನಾಳೆಯಿಂದಲೇ ಕೂರಬಹುದು ಬಣ್ಣದಣ್ಣ," ಎಂದರು ಯಜಮಾನಿ. ಅವರ ದನಿಯಲ್ಲಿ ನಿಜವಾದ ಸಮಾಧಾನವಿತ್ತು. ಆಕೆಗೂ ಆ ಸ್ಟೂಲಿನ ಮೇಲೆ ಕೂತು ಬೆನ್ನು ನೋಯುತ್ತಿತ್ತು.

"ಕೂರಬಹುದು," ಎಂದ ಪ್ರತಿನಿಧಿ. "ನಮ್ಮ ಕಡೆಯಿಂದ ಒಂದೇ ಸಣ್ಣ ಕೋರಿಕೆ. ಸರ್ಕಾರದವರು ಬಂದಾಗ, ಕಂಪನಿ ನನ್ನಂಥೋರನ್ನೂ ಕೈಬಿಡಲಿಲ್ಲ, ನಂಗೆ ಬೇರೆ ಯಾವುದೂ ಬೇಕಾಗಿಲ್ಲ ಅಂತ ಹೇಳಿದ್ರೆ ಸಾಕು. ಅದು ಸತ್ಯಾನೂ ಹೌದಲ್ಲ."

"ಬೇರೆ ಯಾವುದೂ ಇಲ್ಲ ಅನ್ನೋದು ಸತ್ಯ."

ಪ್ರತಿನಿಧಿ ನಕ್ಕ. "ನೀವು ತಮಾಷೆ ಮಾಡ್ತೀರಿ ಸಾರ್."

"ಎದುರಂಗಡಿಯೋನಿಗೂ ಅಂಕಿ ಬರುತ್ತಾ?"

"ಯಾಕೆ, ಅವರಿಗೂ ನಿಮ್ಮ ಹಾಗೇ..."

"ಅವನ ವಿಷಯ ನಂಗೊತ್ತಿಲ್ಲ," ಎಂದರು ಬಣ್ಣದಣ್ಣ ಬೇಗನೆ. "ಸುಮ್ಮನೆ ಕೇಳಿದೆ. ಎಲ್ಲಾ ಅಂಗಡಿಗಳಿಗೂ ಅಂಕಿ ಬರುತ್ತಾ ಅಂತ."

"ಎಲ್ಲರಿಗೂ ಕೊಡೋಕೆ ಆಗಲ್ಲ ಸಾರ್. ಇದು ನಿಮಗೆ ಮಾತ್ರ, ವಿಶೇಷವಾಗಿ."

"ಕೊಡೋಕೆ ಖರ್ಚಾಗುತ್ತಾ?"

"ಖರ್ಚಿನ ಪ್ರಶ್ನೆ ಅಲ್ಲ. ನಮ್ಮ ನಿಯಮ."

"ನಾಳೆ ನಿಮ್ಮ ನಿಯಮ ಬದಲಾದ್ರೆ ನನ್ನ ಅಂಕಿ?"

ಪ್ರತಿನಿಧಿ ಕೂತಲ್ಲೇ ಕರವಸ್ತ್ರದ ಅಂಚು ಸರಿಮಾಡಿಕೊಂಡ. "ಅಲ್ಲಿವರೆಗಂತೂ ಕೂತಿರ್ತೀರಲ್ಲ ಸಾರ್," ಎಂದ.

ಗೋಡೆಯಾಚೆ ಯಾರೋ ಬಂದು ಬೆಲ್ ಒತ್ತಿದರು. ಯಜಮಾನಿ ಹೋಗಲಿಲ್ಲ. ಬಣ್ಣದಣ್ಣ ಡಬ್ಬಗಳ ಗೋಪುರದ ಕಡೆಗೊಮ್ಮೆ, ಅಂಗಡಿಯ ಕಡೆಗೊಮ್ಮೆ ನೋಡಿದರು. ಆ ಗಳಿಗೆಯಲ್ಲಿ ಹೂಂ ಎನ್ನುವ ಮನಸ್ಸು ಎಷ್ಟು ಬಲವಾಗಿತ್ತೆಂದರೆ ಬಾಯೊಳಗೆ ನಾಲಗೆ ಅದಕ್ಕೆ ಸಿದ್ಧವಾಗಿ ಮಡಚಿಕೊಂಡಿತ್ತು ಎಂದು ಅವರೇ ನನಗೆ ಹೇಳಿದ್ದಾರೆ.

"ಬೇಡಪ್ಪಾ," ಎಂದರು.

"ಸಾರ್, ಯೋಚನೆ ಮಾಡಿ. ಅವಸರ ಇಲ್ಲ."

"ಮಾಡಿದೆ. ಎಲ್ಲರ ಪರದೆ ಮೇಲೂ ಅಂಕಿ ಬರಲಿ. ಆಗ ನಂಗೂ ಬರುತ್ತೆ, ನೀವು ಬೇರೆಯಾಗಿ ಕಷ್ಟಪಡೋದು ಬೇಡ."

"ನೀವು ನಮ್ಮ ಸಹಾಯಾನ ತಪ್ಪು ತಿಳ್ಕೊಂಡ್ರಿ."

"ಇಲ್ಲ ಇಲ್ಲ, ನೀವು ಒಳ್ಳೇ ಮನಸ್ಸಿನಿಂದಲೇ ಬಂದಿರಬಹುದು. ಚಹಾ ಕುಡ್ಕೊಂಡು ಹೋಗಿ. ಸ್ವಲ್ಪ ಎದ್ದೇಳ್ತೀರಾ? ನೀವು ಕೂತಿರೋ ಡಬ್ಬ ಮುಂದಕ್ಕೆ ಬೇಕು, ಗಿರಾಕಿ ಬಂದಿದ್ದಾರೆ."

ಪ್ರತಿನಿಧಿ ಎದ್ದು ಕರವಸ್ತ್ರ ಕೊಡವಿ ಮಡಚಿದ. ಬಣ್ಣದಣ್ಣ ಬಾಗಿ ಡಬ್ಬ ಎತ್ತಿ, ಸೊಂಟ ಸರಿಮಾಡಿಕೊಂಡು ಅಂಗಡಿಯೊಳಕ್ಕೆ ನಡೆದರು. ಯಜಮಾನಿ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.